ಧನ್ಯವಾದ ಇಲ್ಲದ ಸಭೆ

ಮಳೆ ಬರಬಹುದಿತ್ತು. ಏಪ್ರಿಲಿನ ಮಧ್ಯಾಹ್ನ, ಘಟ್ಟದ ಕಡೆಯ ಆಕಾಶ ಬೆಳಗ್ಗಿನಿಂದಲೇ ಕಪ್ಪಾಗಿತ್ತು; ಪುಂಜಾಲಕಟ್ಟೆಯ ಆ ಸಭಾಭವನಕ್ಕೆ ತಗಡಿನ ಮಾಡು, ನಾಲ್ಕು ಹನಿ ಬಿದ್ದರೂ ಮಾತಾಡುವವರ ತುಟಿ ಅಲ್ಲಾಡುವುದಷ್ಟೇ ಕಂಡೀತು. ಕರೆಂಟು ಹೋಗಬಹುದಿತ್ತು. ಮೂಡುಬಿದಿರೆಯಿಂದ ಬರಬೇಕಾದ ಅಧ್ಯಕ್ಷರ ಕಾರು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕುರ್ಚಿ ಸಾಲದೆ ಹೋಗಬಹುದಿತ್ತು. ಅದಕ್ಕಿಂತ ಘೋರವಾಗಿ, ಕುರ್ಚಿ ಉಳಿಯಬಹುದಿತ್ತು. ಹಾರದ ಭಾರಕ್ಕೆ ಫೋಟೊ ಮಗುಚಬಹುದಿತ್ತು. ಫೋಟೊ ದೊಡ್ಡದು ಮಾಡುವಾಗ, ಬಿಳಿ ಅಂಗಿಯ ಬಲತೋಳಿನ ಮೇಲಿದ್ದ ಮಸಿಯ ಗುರುತನ್ನು ಸ್ಟುಡಿಯೋದವನು ಕೊಳೆಯೆಂದು ತಿಳಿದು ಕಂಪ್ಯೂಟರಿನಲ್ಲಿ ಒರೆಸಿಬಿಡಬಹುದಿತ್ತು. ಈ ಕೊನೆಯದಕ್ಕಾಗಿ ಮೂರು ಸಲ ಫೋನು ಮಾಡಿದ್ದೆ. ಮೂರನೆಯ ಸಲ ಅವನು, “ಅಣ್ಣಾ, ಮಸಿ ಹಾಗೇ ಉಂಟು. ನೀವು ಇನ್ನು ಫೋನ್ ಮಾಡಿದ್ರೆ ನಾನೇ ಒರೆಸ್ತೇನೆ” ಎಂದ.

“ನಿಮ್ಮ ಸ್ವಂತ ಶ್ರದ್ಧಾಂಜಲಿ ಸಭೆಗೂ ನೀವೇ ಮೊದಲು ಹೋಗಿ ಮೈಕ್ ಸರಿ ಉಂಟಾ ಅಂತ ನೋಡುವವರು, ಮಾರಾಯ್ರೆ” ಎಂದಳು ನನ್ನ ಹೆಂಡತಿ. ನಾನು ಬಂಟ್ವಾಳದಲ್ಲಿ ಮದ್ದಿನ ಅಂಗಡಿ ಇಟ್ಟುಕೊಂಡವನು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ತೆಳು ಕಾಗದವನ್ನು ಪೂರ್ತಿ ಓದಿ, ಅದರಲ್ಲಿ ಬರೆದ ಅಡ್ಡಪರಿಣಾಮಗಳೆಲ್ಲ ನನಗೇ ಆಗುತ್ತಿವೆ ಎಂದು ಅಂದುಕೊಳ್ಳುವ ಜಾತಿ. ಆದರೆ ಆ ದಿನದ ಹೆದರಿಕೆಗೆ ಕಾರಣವಿತ್ತು. ಅದು ನನ್ನ ಕನ್ನಡ ಮಾಷ್ಟ್ರ ಶ್ರದ್ಧಾಂಜಲಿ ಸಭೆ; ಫೋಟೊದಲ್ಲಿದ್ದವರು ಅವರೇ. ಅವರಿಗೆ ನಾನೊಂದು ಮಾತು ಕೊಟ್ಟಿದ್ದೆ.

ಹೈಸ್ಕೂಲಿನಲ್ಲಿ ಅವರು ನಮಗೆ ಮೂರು ವರ್ಷ ಕನ್ನಡ ಕಲಿಸಿದರು. ಮನೆಯಲ್ಲಿ ತುಳು, ಮೀನಿನ ಅಂಗಡಿಯಲ್ಲಿ ಬ್ಯಾರಿ, ಇಗರ್ಜಿಯ ಹತ್ತಿರ ಕೊಂಕಣಿ ಕೇಳಿ ಬೆಳೆದ ನಮಗೆ ಕನ್ನಡವೆಂದರೆ ಸಮವಸ್ತ್ರದ ಹಾಗೆ. ಸಂಜೆ ಮನೆಗೆ ಬಂದು ಗೂಟಕ್ಕೆ ತೂಗುಹಾಕುವುದು. ಅದು ಮೈಮೇಲೆ ಉಳಿಯಲಿ ಎಂದು ಅವರೊಂದು ಉಪಾಯ ಮಾಡಿದ್ದರು. ಪ್ರತಿ ಸೋಮವಾರ ಒಬ್ಬೊಬ್ಬರೂ ಎದ್ದು ನಿಂತು, ಕಳೆದ ವಾರ ಯಾರಾದರೂ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿ ಐದು ವಾಕ್ಯ ಹೇಳಬೇಕು. ನಾನು ಮೊದಲ ವಾರವೇ ಸುಳ್ಳು ಹೇಳಿದೆ.

“ಅಪ್ಪ ಬೇಲಿ ಕಟ್ಟಿದರು, ಸರ್.”

“ಮುಳ್ಳು ಕಟ್ಟಲಿಕ್ಕೆ ಎಂತದರ ಬಳ್ಳಿ?”

“ಅದು... ನೋಡ್ಲಿಲ್ಲ, ಸರ್.”

“ಹಾಗಾದ್ರೆ ಆ ಬೇಲಿ ಅಪ್ಪ ಕಟ್ಟಿದ್ದಲ್ಲ ಮಾರಾಯ, ನೀನು ಈಗ ನಿಂತಲ್ಲೇ ಕಟ್ಟಿದ್ದು. ಕೂತ್ಕೋ. ನೋಡಿಕೊಂಡು ಬಾ, ಬರುವ ಸೋಮವಾರ ಹೇಳುವಿಯಂತೆ.”

ಆ ವಾರ ಮೊದಲ ಸಲ ಅಪ್ಪನ ಕೈಗಳನ್ನು ನೋಡಿದೆ. ಎಡಗೈಯ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಹದಿಮೂರು ವರ್ಷ ಅದೇ ಮನೆಯಲ್ಲಿದ್ದು ನನಗದು ಗೊತ್ತಿರಲಿಲ್ಲ.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲಿ ಸಭೆಯಾದರೂ ಧನ್ಯವಾದ ಹೇಳುವ ಕೆಲಸ ಮಾಷ್ಟ್ರದ್ದು. ಕಣ್ಣಿನ ಶಿಬಿರ, ಗ್ರಂಥಾಲಯದ ಉದ್ಘಾಟನೆ, ಶ್ರಮದಾನದ ಸಮಾರೋಪ, ಯಾವುದೇ ಇರಲಿ. ಸ್ವಾಗತಕ್ಕೆ ಜನ ಸಿಗುತ್ತಾರೆ, ನಿರೂಪಣೆಗೆ ಜಗಳವೇ ಆಗುತ್ತದೆ. ಧನ್ಯವಾದ ಮಾತ್ರ ಯಾರಿಗೂ ಬೇಡ, ಏಕೆಂದರೆ ನಮ್ಮ ಕಡೆ ಧನ್ಯವಾದವೆಂದರೆ ಊಟಕ್ಕೆ ಏಳುವ ಸೂಚನೆ. ಅದನ್ನೇ ಮಾಷ್ಟ್ರು ಕೇಳಿ ತೆಗೆದುಕೊಳ್ಳುತ್ತಿದ್ದರು. ಸಭೆ ಹತ್ತಕ್ಕಾದರೆ ಅವರು ಏಳಕ್ಕೇ ಹಾಜರು. ಮೊದಲು ಅಡಿಗೆಯ ಕೊಟ್ಟಿಗೆಗೆ ಹೋಗಿ ಹೊಗೆ ಹಿಡಿದ ಕಂಬಕ್ಕೆ ಒರಗಿ ನಿಲ್ಲುವರು. ತೋಳಿನ ಮಸಿ ಅಲ್ಲಿಯದು. ಯಾರು ತೆಂಗಿನಕಾಯಿ ತುರಿದರು, ಯಾರು ಅಂಗಳಕ್ಕೆ ನೀರು ಹೊಡೆದರು, ಎಲ್ಲವನ್ನೂ ನೋಡುವರು. ಕೈಯಲ್ಲಿ ಚೀಟಿಯಿಲ್ಲ. “ಕಣ್ಣಲ್ಲಿ ನೋಡಿದ್ದು ಬಾಯಿಗೆ ಬರ್ತದೆ. ಚೀಟಿಯಲ್ಲಿ ಬರೆದದ್ದು ಚೀಟಿಯಲ್ಲೇ ಉಳೀತದೆ.” ಕೊನೆಗೆ ಮೈಕಿನ ಮುಂದೆ ನಿಂತರೆಂದರೆ ಸಚಿವರಿಗೆ ಒಂದು ವಾಕ್ಯ, ಚಾಪೆ ಹಾಸಿದವನಿಗೆ ಮೂರು. ಒಮ್ಮೆ ಬೆಳುವಾಯಿಯಲ್ಲಿ, “ಸಭೆ ಮುಗಿಯುವವರೆಗೆ ತಮ್ಮ ನಾಯಿಯನ್ನು ಹಿತ್ತಲಲ್ಲಿ ಕಟ್ಟಿಹಾಕಿ, ಅದಕ್ಕೆ ಬೇಸರವಾಗದ ಹಾಗೆ ಹತ್ತಿರವೇ ಕೂತುಕೊಂಡು, ಅದರಿಂದಾಗಿ ಸಭೆಗೇ ಬರಲಾಗದ ಎದುರು ಮನೆಯ ಅಮ್ಮನವರಿಗೆ” ಧನ್ಯವಾದ ಹೇಳಿದರು. ಬೇಲಿಯಾಚೆಯಿಂದ ಅಮ್ಮನವರು, “ಅಯ್ಯೋ, ನಾನು ಇಲ್ಲೇ ಉಂಟು ಮಾಷ್ಟ್ರೇ!” ಎಂದು ಕೂಗಿದ್ದು ಮೈಕಿಗೂ ಕೇಳಿಸಿತು. ಹೀಗಾಗಿ ಅವರ ಸಭೆಗಳಲ್ಲಿ ಧನ್ಯವಾದ ಮುಗಿಯದೆ ಯಾರೂ ಏಳುತ್ತಿರಲಿಲ್ಲ. ಪಾಯಸದ ಪರಿಮಳ ಮೂಗಿಗೆ ಬಡಿಯುತ್ತಿದ್ದರೂ ಕೂತಿರುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಆ ಕೆಲಸವನ್ನು ನನಗೆ ಹಚ್ಚಿದರು. ವೇದಿಕೆ ಹತ್ತಿ ಮುಖ್ಯ ಅತಿಥಿಗಳನ್ನು ಮುಗಿಸುವಷ್ಟರಲ್ಲಿ ತಲೆ ಬರಿದಾಯಿತು. ಮುಖ್ಯ ಅತಿಥಿಗಳ ಹೆಸರನ್ನೇ ಮೂರು ಸಲ ಹೇಳಿದೆನೆಂದು ಆಮೇಲೆ ತಂಗಿ ಊರಿಗೆಲ್ಲ ಹೇಳಿದಳು. ಆಗ ಮಾಷ್ಟ್ರು ಜನರ ನಡುವೆ ಮೆಲ್ಲಗೆ ನಡೆಯತೊಡಗಿದರು. ಹೋಗಿ ಅಡಿಗೆಯವರ ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. ಬೆಳಗ್ಗೆ ಅವರು ಬೆಲ್ಲ ಜಜ್ಜಿದ್ದನ್ನು ನಾನು ಕಂಡಿದ್ದೆ, ಹೇಳಿದೆ. ಬೆಂಚು ಹೊತ್ತವರ ಹಿಂದೆ ನಿಂತರು, ಹೇಳಿದೆ. ಹಾಗೆ ಹದಿನಾಲ್ಕು ಹೆಗಲು. ಕೊನೆಗೆ ಬಾಗಿಲ ಬಳಿ ಒಬ್ಬರೇ ನಿಂತರು, ಅವರ ಮುಂದೆ ಯಾರೂ ಇರಲಿಲ್ಲ. ನಾನು “ಎಲ್ಲರಿಗೂ ನಮಸ್ಕಾರ” ಎಂದು ಇಳಿದುಬಿಟ್ಟೆ.

ನಿವೃತ್ತಿಯ ನಂತರವೂ ಅವರು ಸುಮ್ಮನಿರಲಿಲ್ಲ. ವಾರಕ್ಕೆ ಮೂರು ಮಧ್ಯಾಹ್ನ ಬೀಡಿ ಕಟ್ಟುವ ಹೆಂಗಸರು ಸೇರುವ ಜಗಲಿಗೆ ಹೋಗಿ ಪತ್ರಿಕೆ ಓದುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಸಾಲು ಓದಬೇಕು. ಮಡಿಲಲ್ಲಿ ಮೊರದಂಥ ಗೆರಸೆ, ಬೆರಳಲ್ಲಿ ಬೀಡಿಯ ಎಲೆ, ಕಣ್ಣು ಮಾತ್ರ ಅಕ್ಷರದ ಮೇಲೆ. ಐವತ್ತು ದಾಟಿದ ಒಬ್ಬ ಅಕ್ಕ ನನ್ನ ಅಂಗಡಿಗೆ ಬಂದು ಮದ್ದಿನ ಚೀಟಿಯನ್ನು ಕೊಡದೆ ತಾನೇ ಓದಿದ್ದು ಇನ್ನೂ ನೆನಪಿದೆ. “ಊಟದ ನಂ-ತರ. ನೀವು ಹೇಳ್ಬೇಕು ಅಂತಿಲ್ಲ ಅಣ್ಣ, ನಂಗೆ ಗೊತ್ತಾಯ್ತು” ಎಂದರು. ಆ ದಿನ ನನಗೆ ಅಂಗಡಿಯಲ್ಲಿ ಕೆಲಸವೇ ಇಲ್ಲವೆನಿಸಿತು.

ಎರಡು ವರ್ಷದ ಹಿಂದೆ ಒಂದು ಸಂಜೆ, ಮಾಣಿಯಲ್ಲಿ ರಕ್ತದಾನ ಶಿಬಿರ ಮುಗಿಸಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಲಾರಿಗಳ ಹೆದರಿಕೆಯಿಂದ ನಾನು ಎಷ್ಟು ನಿಧಾನ ಹೋಗುತ್ತಿದ್ದೆನೆಂದರೆ ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ, ಹಿಂತಿರುಗಿ ನೋಡಿ ನಕ್ಕ.

“ಸರ್, ಎಲ್ಲರಿಗೂ ನೀವು ಹೇಳ್ತೀರಿ. ನಿಮಗೆ ಯಾರು ಹೇಳುವುದು?”

ಅವರು ಹಿಂದಿನಿಂದ ನನ್ನ ಹೆಗಲು ಹಿಡಿದುಕೊಂಡರು. “ನಂಗೂ ಒಮ್ಮೊಮ್ಮೆ ಕಾಣ್ತದೆ ಮಾರಾಯ. ಮೈಕಿನ ಹಿಂದೆ ನಿಂತವ ಯಾರಿಗೂ ಕಾಣುವುದಿಲ್ಲ ನೋಡು.” ಆಮೇಲೆ ನಗುತ್ತಾ, “ಒಂದು ದಿವಸ ನೀನೇ ಹೇಳು. ಆದ್ರೆ ಚೀಟಿ ಹಿಡ್ಕೊಂಡು ಬರ್ಬೇಡ.”

“ಹೇಳ್ತೇನೆ ಸರ್, ಖಂಡಿತ” ಎಂದೆ. “ಮೊದಲು ಗಾಡಿ ನೋಡಿ ಬಿಡು” ಎಂದರು.

ಮಾರ್ಚಿನ ಒಂದು ಬೆಳಗ್ಗೆ ಹಾಲಿನ ಡೈರಿಗೆ ಹೋದವರು ಅಲ್ಲಿಯ ಜಗಲಿಯಲ್ಲಿ “ಸ್ವಲ್ಪ ಕೂರ್ತೇನೆ” ಎಂದು ಕೂತರಂತೆ. ಅಷ್ಟೇ.

ಸಭೆಯ ದಿನ, ಮೂರು ಗಂಟೆಯ ಸಭೆಗೆ ನಾನು ಹನ್ನೆರಡಕ್ಕೇ ಹೋಗಿ ಎಲ್ಲವನ್ನೂ ನೋಡುತ್ತ ತಿರುಗಿದೆ, ಅವರ ಹಾಗೆ. ಚೀಟಿ ಇರಲಿಲ್ಲ. ನಲವತ್ತು ವರ್ಷಗಳಲ್ಲಿ ಅವರು ಮಾಡಿದ್ದರಲ್ಲಿ ನನ್ನ ಕಣ್ಣು ಕಂಡದ್ದೆಲ್ಲ ಬಾಯಿಯ ತುದಿಯಲ್ಲಿತ್ತು. ಅಧ್ಯಕ್ಷರು ಕಾರಿನಿಂದ ಇಳಿಯುತ್ತಿದ್ದಂತೆ ಹತ್ತಿರ ಹೋಗಿ, ಕೊನೆಗೆ ಎರಡು ನಿಮಿಷ ಧನ್ಯವಾದಕ್ಕೆ ಬೇಕೆಂದು ಕೇಳಿದೆ.

“ಛೇ, ಶ್ರದ್ಧಾಂಜಲಿ ಸಭೆಗೆ ಧನ್ಯವಾದ ಉಂಟಾ? ಕ್ರಮ ಇಲ್ಲ. ಮೌನ ಪ್ರಾರ್ಥನೆಯಲ್ಲೇ ಮುಗಿಸುವ” ಎಂದರು. ಅವರು ಹೇಳಿದ್ದು ಸರಿಯೇ. ಸಾವಿನ ಸಭೆಗೆ ಬಂದವರಿಗೆ ಧನ್ಯವಾದ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ತಲೆಯಾಡಿಸಿ ಎರಡನೆಯ ಸಾಲಿನಲ್ಲಿ ಕೂತೆ.

ಏಳು ಜನ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಮೌನ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ಅಧ್ಯಕ್ಷರು, “ಇಲ್ಲಿಗೆ ಸಭೆ ಮುಗಿಯಿತು” ಎಂದರು.

ಎಲ್ಲರೂ ಮತ್ತೆ ಕೂತರು.

ಬೀಡಿಯ ಅಕ್ಕ, ಅಡಿಗೆಯವರು, ಬೆಳುವಾಯಿಯ ಅಮ್ಮನವರು, ಹಿಂದಿನ ಸಾಲಿನವರೆಗೂ ಎಲ್ಲರೂ ಕೂತು ಮೈಕನ್ನೇ ನೋಡುತ್ತಿದ್ದರು. ಮೈಕಿನವನು ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತ. ಅಧ್ಯಕ್ಷರು ಗೊಂದಲಗೊಂಡು ಇನ್ನೊಮ್ಮೆ, “ಸಭೆ ಮುಗಿಯಿತು” ಎಂದರು. ಯಾರೂ ಕದಲಲಿಲ್ಲ. ಬೀಡಿಯ ಅಕ್ಕ ತಿರುಗಿ ನನ್ನತ್ತ ನೋಡಿದರು. ನಾನು ತಿರುಗಿ ಸಭಾಭವನದ ಹಿಂಭಾಗ ನೋಡಿದೆ. ಹೆಗಲುಗಳ ಹಿಂದೆ ಯಾರೂ ನಡೆದು ಬರುತ್ತಿರಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ನಾನೆದ್ದು ಕ್ರಮ ತಪ್ಪಿಸಿದರೆ ಅಧ್ಯಕ್ಷರು ಏನೆಂದುಕೊಳ್ಳುವರೋ, ಒಂದೇ ಮಾತು ಮತ್ತೆ ಮೂರು ಸಲ ಬಾಯಿಗೆ ಬಂದರೆ, ನಡುವೆ ಅಳು ಬಂದರೆ. ಕೊನೆಗೆ ಒಬ್ಬರು ಎದ್ದರು, ಹಿಂದಿನಿಂದ ಇನ್ನೊಬ್ಬರು. ಮೈಕಿನವನು ವಯರು ಸುತ್ತತೊಡಗಿದ. ಬಾಗಿಲಲ್ಲಿ ಅಕ್ಕ, “ಮಾಷ್ಟ್ರ ಸಭೆಯಿಂದ ಹೀಗೆ ಎದ್ದು ಹೋಗುವುದು ನಂಗೆ ಇದೇ ಮೊದಲು, ಅಣ್ಣ” ಎಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು.

ಮಳೆ ಬರಲಿಲ್ಲ. ಕರೆಂಟು ಹೋಗಲಿಲ್ಲ. ಕುರ್ಚಿ ಸಾಲದೆಯೂ ಹೋಗಲಿಲ್ಲ, ಉಳಿಯಲೂ ಇಲ್ಲ. ಫೋಟೊ ನೆಟ್ಟಗೆ ನಿಂತಿತ್ತು, ತೋಳಿನ ಮಸಿ ಇದ್ದಲ್ಲೇ ಇತ್ತು. ನಾನು ಏಳಲಿಲ್ಲ, ಅಷ್ಟೇ.