ಹೆಸರು ಬೇಡ ಎಂದವಳ ಊರು

ಪುಟ್ಟಲಕ್ಷ್ಮಿಯ ಗುಟ್ಟನ್ನು ಬಯಲು ಮಾಡಿದವನು ನಾನು. ಕೆಂಪರಾಜು ಅಲ್ಲ. ನಮ್ಮ ‘ಕೊಟ್ಟಿಗೆ’ ಚರ್ಚಾ ತಾಣದ ಹಳೆಯ ಸದಸ್ಯರೆಲ್ಲ ಒಂಬತ್ತು ವರ್ಷದಿಂದ ಕೆಂಪರಾಜುವೇ ಎಂದು ನಂಬಿದ್ದೀರಿ. ನೀವು ಹಾಗೆ ನಂಬುವಂತೆ ನಡೆದುಕೊಂಡವನೂ ನಾನೇ. ಈ ಎರಡು ಮಾತನ್ನು ಮೊದಲೇ ಬರೆದುಬಿಡುತ್ತೇನೆ — ಕೊನೆಗೆ ಇಟ್ಟುಕೊಂಡರೆ ಅಲ್ಲಿಗೆ ತಲುಪುವಷ್ಟರಲ್ಲಿ ಧೈರ್ಯ ಕೈಕೊಟ್ಟೀತು ಎಂಬ ಭಯ ನನಗೆ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ನನ್ನ ಹೆಸರು ಬೋರೇಗೌಡ, ಊರು ಚನ್ನಪಟ್ಟಣ. ಪಶು ಪರೀಕ್ಷಕನಾಗಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹಳ್ಳಿಯವರ ಬಾಯಲ್ಲಿ ನಾವೂ ದನದ ಡಾಕ್ಟ್ರೇ. ಆದರೆ ನಾವು ಡಾಕ್ಟರಲ್ಲ. ಹತ್ತಾರು ಹಳ್ಳಿಗೆ ಒಬ್ಬರೇ ಡಾಕ್ಟರು, ಅವರು ಬರುವಷ್ಟರಲ್ಲಿ ಹಸು ಉಳಿಯುವುದೋ ಹೋಗುವುದೋ ನಮ್ಮ ಕೈಯಲ್ಲಿರುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಪಕ್ಕದಲ್ಲಿ ಬಾಲ ಹಿಡಿದು ನಿಂತ ಹಸುವಿನ ಯಜಮಾನ ಒಬ್ಬನೇ, ಅವನೋ ನಮ್ಮ ಮುಖವನ್ನೇ ನೋಡುತ್ತಿರುತ್ತಾನೆ. ಈ ಒಂಟಿತನ ತಡೆಯಲಾರದೆ ನಾನು ಅಂತರ್ಜಾಲದಲ್ಲಿ ಆ ತಾಣ ಶುರುಮಾಡಿದೆ. ವಾಟ್ಸಾಪ್ ಗುಂಪುಗಳು ಆಗಲೂ ಇದ್ದವು. ಆದರೆ ಬೆಳಿಗ್ಗೆ ಕೇಳಿದ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತಿತ್ತು. ತಾಣದಲ್ಲಾದರೆ ಕೆಚ್ಚಲು ಬಾವಿನ ಕಾಯಿಲೆಗೆ ಒಂದು ಪುಟ, ಕುರಿ ರೋಗಕ್ಕೆ ಒಂದು ಪುಟ. ಇವತ್ತು ಕೇಳಿದ್ದು ಇನ್ನೆರಡು ವರ್ಷದ ಮೇಲೂ ಹುಡುಕಿದರೆ ಸಿಗುತ್ತದೆ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣ — ನಾಲ್ಕೂ ತಾಲ್ಲೂಕಿನ ನಮ್ಮವರು ಒಬ್ಬೊಬ್ಬರಾಗಿ ಬಂದು ಸೇರಿದರು.

ಅದರಲ್ಲಿ ಒಂದು ಅನುಕೂಲ ಮಾಡಿದ್ದೆ. ಪ್ರಶ್ನೆ ಬರೆಯುವಾಗ ‘ಹೆಸರು ಬೇಡ’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಕೇಳಿದವರು ಯಾರೆಂದು ಯಾರಿಗೂ ಕಾಣುತ್ತಿರಲಿಲ್ಲ. ತಾಣ ನಡೆಸುತ್ತಿದ್ದ ಇಬ್ಬರನ್ನು ಬಿಟ್ಟು — ಒಬ್ಬ ನಾನು, ಇನ್ನೊಬ್ಬ ಮಾಗಡಿಯ ಕೆಂಪರಾಜು. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನ ಜೊತೆಯೇ ತರಬೇತಿ ಮುಗಿಸಿದವನು, ಮಾತು ಕಡಿಮೆ. ತಾಣದ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ: ‘ಹೆಸರು ಬೇಡ ಎಂದವರ ಹೆಸರು ನಮ್ಮ ಬಾಯಿಂದ ಎಂದೂ ಹೊರಡುವುದಿಲ್ಲ.’ ಬರೆದಾಗ ಅದು ನಿಜವೇ ಆಗಿತ್ತು. ಹಾಗೆಂದು ಈಗ ಹೇಳಿಕೊಂಡರೆ — ಬೇಡ, ಬಿಡಿ.

ಒಂದು ಭಾನುವಾರ ಬೆಳಿಗ್ಗೆ ಹೆಸರಿಲ್ಲದ ಪ್ರಶ್ನೆಯೊಂದು ಬಂತು. ಅದರ ಮಾತುಗಳು ನನಗೆ ಈಗಲೂ ಬಾಯಿಪಾಠ.

‘ಕರು ಹಾಕಿ ಎರಡು ದಿನವಾಗಿದ್ದ ಹಸು ಹಾಲು ಜ್ವರಕ್ಕೆ ಬಿದ್ದಿತ್ತು. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುತ್ತಿದ್ದೆ. ಇನ್ನೊಂದು ಮನೆಯಿಂದ ಮೇಲಿಂದ ಮೇಲೆ ಫೋನು. ಬೇಗ ಇಳಿಯಲೆಂದು ಬಾಟಲಿಯನ್ನು ಎತ್ತರಕ್ಕೆ ಹಿಡಿದೆ. ಹಸು ಒಂದು ಸಲ ನಡುಗಿ ಸತ್ತುಹೋಯಿತು. ಕಾಯಿಲೆಯೇ ಕೊಂದಿತು ಅಂದುಕೊಂಡ ಮನೆಯಜ್ಜಿ ನನ್ನ ಕೈಗೆ ನೀರು ಹಾಕಿ, ಕಾಫಿ ಕೊಟ್ಟು ಕಳಿಸಿದರು. ಅವರಿಗೆ ನಿಜ ಹೇಳಲೋ ಬೇಡವೋ?’

ಕರು ಹಾಕಿದ ಹಸು ಮೈಯಲ್ಲಿ ಕ್ಯಾಲ್ಸಿಯಂ ಇಳಿದು ನೆಲ ಹಿಡಿಯುವುದೇ ಹಾಲು ಜ್ವರ. ಕೊಡುವ ಕ್ಯಾಲ್ಸಿಯಂ ಬೇಗ ಹರಿದರೆ ಹಸುವಿನ ಎದೆಬಡಿತ ನಿಂತುಹೋಗುತ್ತದೆ. ನಮಗೆಲ್ಲ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಅದೂ ಒಂದು. ಆದರೂ ಆ ದಿನ ತಾಣದಲ್ಲಿ ಒಬ್ಬರೂ ಬೈಯಲಿಲ್ಲ. ಕನಕಪುರದವನೊಬ್ಬ, ತನ್ನ ಕೈಯಲ್ಲೂ ಒಂದು ಎಮ್ಮೆ ಹೀಗೇ ಹೋಗಿತ್ತೆಂದು ತನ್ನ ಹೆಸರು ಹಾಕಿಯೇ ಬರೆದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಿಸಿ ನೀರಿನಲ್ಲಿ ಬಾಟಲಿ ಬೆಚ್ಚಗೆ ಮಾಡಿಕೊಳ್ಳುವುದು, ಒಂದು ಕೈ ಹಸುವಿನ ಎದೆಯ ಮೇಲೇ ಇಟ್ಟುಕೊಂಡು ಬಡಿತ ನೋಡುತ್ತಾ ಇಳಿಸುವುದು, ಆ ಹೊತ್ತಿಗೆ ಫೋನನ್ನು ಬೈಕಿನ ಪೆಟ್ಟಿಗೆಯಲ್ಲೇ ಬಿಟ್ಟು ಹೋಗುವುದು — ಒಬ್ಬೊಬ್ಬರೂ ತಾವು ಕಲಿತದ್ದನ್ನು ಸುರಿದರು. ಎಲ್ಲರೂ ಕೊನೆಗೆ ಬರೆದದ್ದು ಒಂದೇ: ಹೋಗಿ ಹೇಳಿಬಿಡಿ.

ಸಂಜೆ ಅವಳು ಉತ್ತರ ಬರೆದಳು. ‘ಅಜ್ಜಿ ಹಾರೋಹಳ್ಳಿಗೆ ಮಗಳ ಮನೆಗೆ ಹೋಗಿದ್ದಾರೆ. ಮುಂದಿನ ಸೋಮವಾರದ ಹೊತ್ತಿಗೆ ಬರುತ್ತಾರಂತೆ. ಹೋಗಿ ಹೇಳುತ್ತೇನೆ.’

ಯಾರೆಂದು ನಾನು ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ, ನೋಡಬಹುದಾಗಿತ್ತು, ನೋಡಿದೆ. ಪುಟ್ಟಲಕ್ಷ್ಮಿ. ಸಾತನೂರು ಆಚೆಯ ಹಳ್ಳಿಗಳಿಗೆ ಹೊಸದಾಗಿ ಬಂದಿದ್ದ ಹುಡುಗಿ. ಕುರಿ ಸಾಕುವವರ ಮನೆಯಲ್ಲಿ ಬೆಳೆದವಳು, ತನ್ನ ಸ್ಕೂಟರಿನಲ್ಲಿ ಹೊಲದ ದಾರಿಗಳಲ್ಲೆಲ್ಲ ಓಡಾಡಿ ಆ ಊರುಗಳ ವಿಶ್ವಾಸ ಗಳಿಸಿದ್ದವಳು.

ಈಗ ನಾಚಿಕೆಯ ಮಾತು. ನಾನು ಆ ತಾಣಕ್ಕೆ ಉದ್ದುದ್ದ ಲೇಖನ ಬರೆಯುತ್ತಿದ್ದೆ. ಪುಸ್ತಕ ನೋಡಿ, ತಿದ್ದಿ, ವಾರಗಟ್ಟಲೆ ಕೂತು. ‘ಚೆನ್ನಾಗಿದೆ ಸಾರ್’ ಎಂದು ಇಬ್ಬರೋ ಮೂವರೋ ಬರೆಯುತ್ತಿದ್ದರು. ಅವಳ ಎಂಟು ಸಾಲಿಗೆ ನಾಲ್ಕು ತಾಲ್ಲೂಕಿನವರೂ ಎದ್ದು ಕೂತಿದ್ದರು. ನನಗೆ ಸಂತೋಷವಾಯಿತು, ನಿಜ. ಜೊತೆಗೆ ಒಳಗೆಲ್ಲೋ ಒಂದು ಮುಳ್ಳೂ ಆಡಿತು — ಅದೂ ಅಷ್ಟೇ ನಿಜ.

ಗುರುವಾರ ರಾಮನಗರದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ನಮಗೊಂದು ಸಭೆಯಿತ್ತು. ಊಟದ ಬಿಡುವಿನಲ್ಲಿ ಹೊರಗೆ ಟೀ ಅಂಗಡಿಯ ಮುಂದೆ ಐದಾರು ಮಂದಿ ನಿಂತಿದ್ದೆವು. ಎಲ್ಲರ ಬಾಯಲ್ಲೂ ಅದೇ ಪ್ರಶ್ನೆಯ ಮಾತು. ನಂಜುಂಡ ಎಂಬ ನಮ್ಮ ಸಹೋದ್ಯೋಗಿ ನನ್ನ ಹೆಗಲ ಮೇಲೆ ಕೈಹಾಕಿದ.

“ನಿಂಗ್ ಗೊತ್ತಿರ್ತದಲ್ಲ ಕಣ್ಲಾ ಬೋರ. ಯಾರ್ಲಾ ಅದು?”

“ಗೊತ್ತು. ಏಳಂಗಿಲ್ಲ,” ಎಂದೆ.

ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಅಷ್ಟೂ ಜನ ಟೀ ಲೋಟ ಹಿಡಿದುಕೊಂಡು ನನ್ನತ್ತ ತಿರುಗಿದ್ದರು. ನನ್ನ ಲೇಖನಗಳಿಗೆ ಯಾರೂ ಹಾಗೆ ತಿರುಗಿರಲಿಲ್ಲ.

“ಹೆಸ್ರು ಬ್ಯಾಡ ಬುಡು,” ಎಂದ ನಂಜುಂಡ. “ಯಾವ್ ಕಡೆಯೋರು ಅಂತನಾರ ಏಳು.”

“ಸಾತನೂರ್ ಕಡೆಯೋಳು,” ಎಂದೆ.

ಎರಡೇ ಎರಡು ಪದ. ಅವಳ ಹೆಸರನ್ನಂತೂ ನಾನು ಹೇಳಲಿಲ್ಲ — ಈ ಒಂದು ಮಾತಿಗೆ ಒರಗಿಕೊಂಡು ನಾನು ಒಂಬತ್ತು ವರ್ಷ ಬದುಕಿದ್ದೇನೆ. ಆದರೆ ಆ ಕಡೆ ನಮ್ಮ ಕೆಲಸದಲ್ಲಿದ್ದ ಹೆಂಗಸು ಅವಳೊಬ್ಬಳೇ. ಅದು ನನಗೆ ಗೊತ್ತಿತ್ತು. ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿಂದ ಬಿದ್ದ ಕೂಡಲೇ, “ಯಾರ್ಗೂ ಏಳ್ಬ್ಯಾಡ್ರಪ್ಪ,” ಎಂದೆ. ಎಲ್ಲರೂ ತಲೆಯಾಡಿಸಿದರು.

ನಂಜುಂಡನ ಹೆಂಡತಿಯ ತವರು ಅದೇ ಸೀಮೆ. ಶನಿವಾರದ ಹೊತ್ತಿಗೆ ಆ ಹಳ್ಳಿಯ ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರೆಲ್ಲರ ಬಾಯಲ್ಲೂ ಸುದ್ದಿ ಓಡಾಡಿತು. ಭಾನುವಾರ ಊರಿಗೆ ಮರಳಿದ ಅಜ್ಜಿಗೆ ಬಸ್ಸಿಳಿದ ಕೂಡಲೇ ಯಾರೋ ಹೇಳಿದರು.

ಇದೊಂದೂ ಗೊತ್ತಿಲ್ಲದ ಪುಟ್ಟಲಕ್ಷ್ಮಿ ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದಳಂತೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು, ಅಂಗಳದಲ್ಲಿ ಜನ. ಅವಳು ಸ್ಕೂಟರು ನಿಲ್ಲಿಸುವ ಮೊದಲೇ ಅಜ್ಜಿ ಕೇಳಿದರಂತೆ, “ಬಾವ್ವ. ಏನ್ ಏಳಕ್ ಬಂದೆ? ಎಲ್ಲಾ ಕೇಳಾಯ್ತು.”

ಅವಳು ಆದರೂ ಹೇಳಿದಳು. ಅತ್ತುಕೊಂಡು, ತೊದಲಿಕೊಂಡು, ಎಲ್ಲವನ್ನೂ. ಅಜ್ಜಿ ಬೈಯಲಿಲ್ಲ. “ನಾನ್ ಮಗ್ಳ ಮನೆಗೆ ಹೋಗೋಕ್ ಮುಂಚೆ ನೀನೇ ಬಂದು ಏಳಿದ್ರೆ ನಾನ್ ಏನೂ ಅಂತಿರ್ನಿಲ್ಲ ಕಣವ್ವ,” ಎಂದರಂತೆ. “ಈಗ ಸಿಕ್ಕಾಕ್ಕೊಂಡ್ ಮ್ಯಾಲೆ ಬಂದಂಗಾಯ್ತು.”

ಇದನ್ನೆಲ್ಲ ನನಗೆ ಹೇಳಿದವಳು ಪುಟ್ಟಲಕ್ಷ್ಮಿಯೇ. ಆ ಮಧ್ಯಾಹ್ನ ಅವಳು ಮೊದಲು ಫೋನು ಮಾಡಿದ್ದು ನನಗೆ. ನನ್ನನ್ನು ಅಷ್ಟು ನಂಬಿದ್ದಳು.

“ಸಾರ್, ಗೊತ್ತಿದ್ದದ್ದು ನಿಮ್ಮಿಬ್ರಿಗೇ ಅಲ್ವಾ? ನೀವಂತೂ ಏಳೋರಲ್ಲ. ಕೆಂಪರಾಜಣ್ಣ ಯಾಕ್ ಸಾರ್ ಹಿಂಗ್ ಮಾಡುದ್ರು?”

ಆಗ ಹೇಳಬೇಕಿತ್ತು. ಅವಳು ಅಳು ನುಂಗಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು, ನಾನು ಬಾಯಿ ತೆರೆದದ್ದೂ ಹೌದು — ಆದರೆ ಹೊರಗೆ ಬಂದದ್ದು, “ನಾನ್ ವಿಚಾರಿಸ್ತೀನಿ ಕಣಮ್ಮ.”

ವಿಚಾರಿಸುವುದಕ್ಕೆ ಏನಿತ್ತು?

ಅವಳು ಕೆಂಪರಾಜುವಿಗೂ ಫೋನು ಮಾಡಿದಳು. ಏನೆಂದಳೋ ನನಗೆ ಆಗ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಅವನು ನನಗೆ ಮಾಡಿದ.

“ಬೋರಣ್ಣ, ನಾನಲ್ಲ ಕಣಣ್ಣ.”

“ಗೊತ್ತು ಕಣ್ಲಾ.”

“ಗೊತ್ತಿದ್ರೆ ತಾಣದಲ್ಲಿ ಒಂದ್ ಮಾತು ಬರ್ದ್‌ಬುಡು. ನೀನ್ ಬರುದ್ರೆ ಎಲ್ರೂ ನಂಬ್ತಾರೆ.”

“ಒಸಿ ದಿನ ಆಗ್ಲಿ. ತಣ್ಣಗಾಯ್ತದೆ.”

ಅವನು ಫೋನು ಇಟ್ಟ.

ತಣ್ಣಗಾಗಲಿಲ್ಲ. ತಾಣದಲ್ಲಿ ಜನ ಸಿಟ್ಟಾಗಿದ್ದರು. ಹೆಸರು ಹೇಳಿದವರು ಯಾರು, ಉತ್ತರ ಕೊಡಿ ಎಂದು ಬರೆಯುತ್ತಲೇ ಇದ್ದರು. ನಂಜುಂಡನಾಗಲಿ, ಟೀ ಅಂಗಡಿಯ ಮುಂದೆ ನಿಂತಿದ್ದ ಉಳಿದವರಾಗಲಿ ಬಾಯಿ ಬಿಡಲಿಲ್ಲ — ಸುದ್ದಿ ದಾಟಿಸಿದ ಪಾಲು ಅವರದೂ ಇತ್ತಲ್ಲ. ನಾಲ್ಕನೆಯ ದಿನ ನಾನು ಒಂದು ಪ್ರಕಟಣೆ ಹಾಕಿದೆ. ‘ಸದಸ್ಯರ ಗೋಪ್ಯತೆಯನ್ನು ಕಾಪಾಡುವ ದೃಷ್ಟಿಯಿಂದ ಇನ್ನು ಮುಂದೆ ತಾಣದ ಜವಾಬ್ದಾರಿಯನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ.’ ಅಷ್ಟೇ. ಅದರಲ್ಲಿ ಕೆಂಪರಾಜುವಿನ ಹೆಸರಿರಲಿಲ್ಲ, ಒಂದು ಸುಳ್ಳು ಪದವೂ ಇರಲಿಲ್ಲ. ಓದಿದ ಪ್ರತಿಯೊಬ್ಬರಿಗೂ ತಪ್ಪಿತಸ್ಥ ಯಾರೆಂದು ಅರ್ಥವಾಯಿತು. ‘ಒಳ್ಳೆಯ ನಿರ್ಧಾರ ಸಾರ್’ ಎಂದು ಸಾಲುಗಟ್ಟಿ ಬರೆದರು. ಟೀ ಅಂಗಡಿಯ ಮಾತು ನಾಲಿಗೆ ಜಾರಿದ್ದು ಎನ್ನಬಹುದೇನೋ. ಈ ಪ್ರಕಟಣೆಯನ್ನು ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ತಿದ್ದಿ ತಿದ್ದಿ ಬರೆದಿದ್ದೆ.

ಕೆಂಪರಾಜು ತಾಣ ಬಿಟ್ಟ. ಪುಟ್ಟಲಕ್ಷ್ಮಿಯನ್ನು ಆ ಊರುಗಳವರು ಕರೆಯುವುದು ಕಡಿಮೆ ಮಾಡಿದರು. ವರ್ಷ ತುಂಬುವ ಮೊದಲೇ ಅವಳು ತಾನಾಗಿ ಕೇಳಿಕೊಂಡು ಬಿಡದಿ ಕಡೆಗೆ ವರ್ಗ ಮಾಡಿಸಿಕೊಂಡಳು. ತಾಣವೂ ಬದಲಾಯಿತು. ‘ಹೆಸರು ಬೇಡ’ ಎಂದು ಗುರುತು ಹಾಕಿ ಆಮೇಲೆ ಯಾರೂ ಏನನ್ನೂ ಕೇಳಲಿಲ್ಲ. ವರ್ಗಾವಣೆಯ ಸುದ್ದಿ, ಹಬ್ಬದ ಶುಭಾಶಯ, ನಿವೃತ್ತಿಯ ಸನ್ಮಾನದ ಫೋಟೋ — ಅಷ್ಟೇ ಉಳಿಯಿತು. ಆಮೇಲೆಯೂ ಎಷ್ಟು ಹಸುಗಳ ಮೇಲೆ ಅವಸರದ ಕೈಗಳು ಬಾಟಲಿಯನ್ನು ಎತ್ತಿ ಹಿಡಿದವೋ, ಎಷ್ಟು ಮಂದಿ ಅದನ್ನು ಒಳಗೇ ಇಟ್ಟುಕೊಂಡರೋ. ಅದನ್ನು ಯೋಚಿಸಲು ಕೂತರೆ —

ಈ ವರ್ಷ ತಾಣವನ್ನು ಕಿರಿಯರ ಕೈಗೆ ಕೊಡುವುದೆಂದು ಮಾತಾಯಿತು. ವಹಿಸಿಕೊಳ್ಳಲು ಬಂದ ಹೆಣ್ಣುಮಗಳು ಎಲ್ಲ ಪುಟ ನೋಡಿ ಕೇಳಿದಳು, “ಸಾರ್, ಈ ‘ಹೆಸರು ಬೇಡ’ ಅನ್ನೋದು ಎಷ್ಟ್ ಒಳ್ಳೇದು. ಜನ ಯಾಕೆ ನಿಲ್ಲಿಸ್ಬಿಟ್ರು?” ಅವಳಿಗೆ ಏನೋ ಒಂದು ಹೇಳಿ ಕಳಿಸಿದೆ. ಹೇಳಿದ ಮೇಲೆ ತಿಳಿಯಿತು, ನಾನು ಈ ಸುಳ್ಳನ್ನೂ ಅವಳ ಕೈಗೆ ವಹಿಸುತ್ತಿದ್ದೇನೆ ಎಂದು.

ಮಾರನೆಯ ದಿನ ಮಾಗಡಿಯ ಬಸ್ಸು ಹತ್ತಿದೆ. ಕೆಂಪರಾಜು ಮನೆಯ ಹಿಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದ, ಕೂರಲು ಚಾಪೆ ಹಾಕಿದ. ನಾನು ಕೂರದೆಯೇ ಹೇಳಿದೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ನಂಗೊತ್ತಿತ್ತು ಕಣಣ್ಣ,” ಎಂದ. “ಗೊತ್ತಿದ್ದದ್ದು ಇಬ್ರಿಗೆ. ನಾನಲ್ಲ ಅಂದ್ಮ್ಯಾಲೆ ಇನ್ಯಾರು?”

“ಮತ್ಯಾಕ್ಲಾ ಒಂದ್ ಮಾತೂ ಆಡ್ಲಿಲ್ಲ ನೀನು?”

“ನೀನೇ ಏಳ್ತೀಯ ಅಂತ ಕಾಯ್ಕೊಂಡಿದ್ದೆ. ಆಮೇಲಾಮೇಲೆ ಕಾಯೋದ್ ಬುಟ್ಟೆ.”

ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಆಕೆ ನನ್ನ ಕಡೆ ನೋಡಲಿಲ್ಲ. ಅವರಿಗೂ ಗೊತ್ತಿತ್ತು, ಅಷ್ಟೂ ವರ್ಷ.

ಎರಡು ದಿನ ಬಿಟ್ಟು ಬಿಡದಿಯ ಕಡೆ ಹೋದೆ. ಪುಟ್ಟಲಕ್ಷ್ಮಿ ಈಗ ಅಲ್ಲಿ ಒಳ್ಳೆಯ ಹೆಸರು ಮಾಡಿದ್ದಾಳೆ. ಮಧ್ಯಾಹ್ನದ ಹೊತ್ತು, ಪಶು ಆಸ್ಪತ್ರೆಯಲ್ಲಿ ಜನವಿರಲಿಲ್ಲ. ಟೀ ಅಂಗಡಿಯ ಮಾತಿನಿಂದ ಹಿಡಿದು ಪ್ರಕಟಣೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವಳು ಸಿರಿಂಜುಗಳನ್ನು ಜೋಡಿಸುತ್ತಿದ್ದವಳು ನಿಲ್ಲಿಸಿ ಕುರ್ಚಿಯಲ್ಲಿ ಕೂತಳು.

“ಹಸು ಸತ್ತಿದ್ದು ನನ್ ತಪ್ಪು ಸಾರ್. ಅದ್ನ ನಾನು ಹೊತ್ಕೊಂಡಿದೀನಿ,” ಎಂದಳು ಆಮೇಲೆ. “ಆದ್ರೆ ಆವತ್ತು ಕೆಂಪರಾಜಣ್ಣಂಗೆ ನಾನ್ ಏನೇನಂದೆ ಗೊತ್ತಾ ನಿಮ್ಗೆ? ನಿಮ್ ಮಗ್ಳಿಗೂ ಹಿಂಗೇ ಆಗ್ಲಿ ಅಂದ್ಬುಟ್ಟೆ. ಮರುಮಾತಾಡ್ಲಿಲ್ಲ ಆವಯ್ಯ. ಆ ಮಗು ಮದ್ವೆಗೆ ಕರುದ್ರು, ನಾನು ಹೋಗ್ನಿಲ್ಲ.”

ನಾನು ಅವಳಿಗೆ ಒಂದು ಅನ್ಯಾಯ ಮಾಡಿದೆ ಎಂದುಕೊಂಡು ಹೋಗಿದ್ದೆ. ಅವಳ ಕೈಯಿಂದಲೂ ಒಂದನ್ನು ಮಾಡಿಸಿದ್ದೆ ಎಂಬುದು ಅಲ್ಲಿ ನಿಂತಾಗ ತಿಳಿಯಿತು.

ಕ್ಷಮಿಸು ಎನ್ನಬೇಕೆಂದು ಬಾಯಿಗೆ ಬಂತು. ಆದರೆ ಅವಳು ಆಗಲೇ ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು, ನನ್ನಿಂದ ಕೆಂಪರಾಜುವಿನ ಈಗಿನ ನಂಬರು ಕೇಳಿ ಒತ್ತಿಕೊಂಡಳು.

“ನೀವಿನ್ನು ಹೊರಡಿ ಸಾರ್,” ಎಂದಳು. “ನಾನು ಅವ್ರತ್ರ ಮಾತಾಡ್ಬೇಕು.”

ನಾನು ಹೊರಗೆ ಬಂದೆ. ಬಾಗಿಲಾಚೆ ಮೆಟ್ಟಿಲಿಳಿಯುವಾಗ “ಅಣ್ಣಾ, ನಾನು ಪುಟ್ಟಲಕ್ಷ್ಮಿ” ಎಂಬ ಅವಳ ದನಿ ಕೇಳಿಸಿತು. ಮುಂದಿನ ಮಾತು ನನ್ನ ಕಿವಿಗೆ ಬೀಳಬಾರದೆಂದು ಬೇಗ ಬೇಗ ನಡೆದೆ.