ಕಡಾ ಎಂದರೆ ಕಾಡಲ್ಲ

ಗುಡ್ಡ ಹತ್ತಲು ಹೋಗುತ್ತೇನೆಂದಾಗ ಗಂಡ ತಕ್ಷಣ ಹೂಂ ಎಂದರು. ಅತ್ತೆಯ ಹೂಂ ಸಿಗಲು ನಾಲ್ಕು ದಿನ ಹಿಡಿಯಿತು. ಉಡುಪಿ ಕಡೆಯಿಂದ ಬಂದು ಕುರ್ಲಾದ ಚಾಳಿನಲ್ಲಿ ಸಂಸಾರ ಕಟ್ಟಿದವರು ಅವರು. ಕೊನೆಗೆ ಬಾಗಿಲಲ್ಲಿ ನಿಂತು ಹೇಳಿದರು: "ಹೋಗು ಮಾರಾಯ್ತಿ. ಮೈಮೇಲೆ ಒಂದು ಗೀರು ಬಿದ್ದು ಬಂದ್ರೂ ಇದೇ ಕೊನೆ. ಮತ್ತೆ ಗುಡ್ಡೆಯ ಹೆಸರು ಎತ್ಲಿಕ್ಕಿಲ್ಲ."

ಏಕೀಕರಣದ ಮರುವರ್ಷದ ದೀಪಾವಳಿ ರಜೆ ಅದು. ಕನ್ನಡ ಶಾಲೆಯ ನಾವು ನಾಲ್ವರು ಟೀಚರುಗಳು ಬೆಳಗಿನ ಲೋಕಲ್‌ನಲ್ಲಿ ಬೊರಿವಲಿಗೆ ಹೋಗಿ ಇಳಿದೆವು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿದ ನಮ್ಮನ್ನು ಸ್ಟೇಷನ್ನಿನಲ್ಲಿ ನೋಡದವರಿಲ್ಲ. ಮೂರು ದಿನ ಗುಡ್ಡಗಳಲ್ಲಿ ನಡೆದು, ರಾತ್ರಿ ಅಲ್ಲಿನ ವಾರ್ಲಿ ಬುಡಕಟ್ಟಿನವರ ಗುಡಿಸಲುಗಳಲ್ಲಿ ಉಳಿಯುವುದೆಂದು ನಮ್ಮ ಹೆಡ್‌ಮಿಸ್ಟ್ರೆಸ್ ಏರ್ಪಾಡು ಮಾಡಿದ್ದರು. ದಾರಿ ತೋರಿಸಲು ಬಂದವಳು ಅವರ ಮನೆಗೆ ಸೌದೆ ಹೊತ್ತು ತರುತ್ತಿದ್ದ ವಾರ್ಲಿ ಹೆಂಗಸು. ಬರಿಗಾಲು, ಮೊಣಕಾಲಿಗೆ ಬಿಗಿದ ಕಚ್ಚೆ, ಸೊಂಟದಲ್ಲಿ ಕುಡುಗೋಲು. ನಾವು ಅವಳನ್ನು, ಅಮ್ಮಾ ಎನ್ನುವಂತೆ, ಮರಾಠಿಯಲ್ಲಿ ಬಾಯಿ ಎಂದೆವು, ಅವಳೂ ನಮ್ಮನ್ನು ಬಾಯಿ ಎಂದಳು. ಬಾಯಿ ದೊಡ್ಡದಿದ್ದದ್ದು ಮಾತ್ರ ನನ್ನದು.

ಅವಳಾಡುವುದು ಮರಾಠಿ. ನಮ್ಮಲ್ಲಿ ಇಬ್ಬರು ಊರಿಂದ ಆಗಷ್ಟೇ ಬಂದವರು, ಮರಾಠಿ ತಿಳಿಯದವರು. ಧಾರವಾಡದ ಟೀಚರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು, ಆದರೆ ನಾನು ಬಿಟ್ಟರೆ ತಾನೆ ಅವರು ಮಾತಾಡುವುದು? ಬಾಯಿ ಒಂದು ಮಾತೆಂದರೆ ಸಾಕು, ನಾನು ಮುಂದೆ ಬಿದ್ದು ಅರ್ಥ ಹೇಳುತ್ತಿದ್ದೆ.

ಅವಳ ದಿನಚರಿ ಈಗಲೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಾವು ಏಳುವ ಹೊತ್ತಿಗೆ ಮೂರು ಕಲ್ಲಿನ ಒಲೆಯ ಮೇಲೆ ಬೆಲ್ಲದ ಚಹಾ ಕುದಿಯುತ್ತಿರುತ್ತಿತ್ತು, ರಾಗಿ ರೊಟ್ಟಿ ಬೆಂದಿರುತ್ತಿತ್ತು. ಚಹಾ ಕುಡಿದೊಡನೆ ನಾವು ಸಾಲಾಗಿ ಕುಳಿತು ಕಾಲು ಚಾಚಬೇಕು. ಒಬ್ಬೊಬ್ಬರ ಹಿಮ್ಮಡಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವಳು. ಗುಳ್ಳೆ ಕಂಡರೆ ಯಾವುದೋ ಸೊಪ್ಪು ಅಂಗೈಯಲ್ಲಿ ಉಜ್ಜಿ ರಸ ಹಿಂಡುವಳು. ಸಂಜೆಯೂ ಹಾಗೆಯೇ. ಹೆತ್ತ ತಾಯಿ ಬಿಟ್ಟರೆ ಯಾರೂ ನನ್ನ ಪಾದವನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ಮೊದಲ ದಿನ ನಾಚಿಕೆಯಿಂದ ಕಾಲೆಳೆದುಕೊಂಡೆ, ಎರಡನೆಯ ದಿನ ನಾನೇ ಮೊದಲು ಚಾಚಿದೆ.

ನಡಿಗೆಯಲ್ಲಿ ಅವಳಿಗೆ ಏರು, ಇಳಿಜಾರು ಎಂಬ ಭೇದವಿರಲಿಲ್ಲ. ಎಲ್ಲಕ್ಕೂ ಒಂದೇ ಹೆಜ್ಜೆ. ಅವಳು ಕೂತಾಗ ಕೂರಬೇಕು, ಎದ್ದಾಗ ಏಳಬೇಕು. ದಾರಿ ಎರಡಾಗುವಲ್ಲಿ ಹುಲ್ಲಿಗೊಂದು ಗಂಟು ಹಾಕಿ ಮುಂದೆ ಹೋಗುವಳು. ಮೂರು ದಿನ ಚಟ್ನಿ ಇಲ್ಲದಿದ್ದರೆ ಹೇಗೆ ಎಂದು ನಾನು ಕಾಯಿ ತುರಿಯುವ ಮಣೆಯನ್ನೂ ಕಟ್ಟಿಕೊಂಡು ಹೋಗಿದ್ದೆ. ಮೊದಲ ಏರಿನಲ್ಲೇ ನನ್ನ ಏದುಸಿರು ಕೇಳಿ ಅದನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. ನಗಲೂ ಇಲ್ಲ. ನಾನಾಗಿದ್ದರೆ ನಕ್ಕು ಊರಿಗೆಲ್ಲ ಹೇಳುತ್ತಿದ್ದೆ.

ಮೂರನೆಯ ಬೆಳಿಗ್ಗೆ ದಟ್ಟ ಮಂಜು. ಎದೆಮಟ್ಟದ ಹುಲ್ಲಿನ ನಡುವೆ ಒಂದು ಬಂಡೆಯ ಬಳಿ ಬಾಯಿ ನಿಂತಳು. ತನ್ನ ತಾಮ್ರದ ಕೊಡ ಎತ್ತಿಕೊಂಡು ನೀರಿಗೆ ಹೊರಡುವಾಗ ನನ್ನತ್ತ ತಿರುಗಿ, "ಹಿತಂಚ ಬಸಾ. ಪುಢಂ ಕಡಾ ಹಾಯ," ಎಂದಳು.

ಧಾರವಾಡದ ಟೀಚರು ಹಿಂದೆ ನಿಂತು ಶೂವಿನೊಳಗಿನ ಹರಳು ತೆಗೆಯುತ್ತಿದ್ದರು. "ಏನಂದ್ಳರೀ?" ಎಂದು ಕೂಗಿದರು.

"ಇಲ್ಲೇ ಕೂರಬೇಕಂತೆ. ಮುಂದೆ ಕಾಡಿದೆಯಂತೆ," ಎಂದೆ.

"ಎರಡ ದಿನಾ ಕಾಡಿನಾಗ ಅಡ್ಡಾಡೇವಿ, ಈಗೇನ ಹೊಸಾ ಕಾಡು? ನಡೀರಿ, ನೋಡಿ ಬರೂಣು."

ಎಲ್ಲರಿಗಿಂತ ಮುಂದೆ ಹೊರಟವಳು ನಾನೇ. ಹತ್ತು ಹೆಜ್ಜೆ ಹೋಗಿರಬೇಕು. ಹಿಂದೆ ಕೊಡ ಬಂಡೆಗೆ ಬಡಿದ ಸದ್ದಾಯಿತು. ಯಾರೋ ಓಡಿ ಬಂದು ನನ್ನ ಸೆರಗು ಹಿಡಿದು ಜಗ್ಗಿದರು. ಸೆರಗು ಪರ್ ಎಂದು ಹರಿಯಿತು, ನಾನು ಮುಳ್ಳುಗಿಡದ ಮೇಲೆ ಅಂಗಾತ ಬಿದ್ದೆ. ಬಾಯಿ ನನ್ನ ಪಕ್ಕ ಕುಕ್ಕರಿಸಿ ಏದುಸಿರು ಬಿಡುತ್ತಿದ್ದಳು. ಮೂರು ದಿನಗಳಲ್ಲಿ ಅವಳ ಉಸಿರಿನ ಸದ್ದು ಕೇಳಿದ್ದು ಅದೇ ಮೊದಲು. ಒಂದು ಕಲ್ಲೆತ್ತಿ ನನ್ನ ಕಾಲಿನಾಚೆಯ ಹುಲ್ಲಿಗೆ ಎಸೆದಳು. ನಾವು ಸದ್ದಿಗೆ ಕಾದೆವು. ಅದು ಬಹಳ ಹೊತ್ತಿನ ಮೇಲೆ, ಬಹಳ ಕೆಳಗಿನಿಂದ ಬಂತು.

"ಹಾ ಕಡಾ," ಎಂದಳು ಬಾಯಿ.

"ಕಡಾ ಅಂದಿದ್ಳೇನ್ರೀ?" ಎಂದರು ಧಾರವಾಡದ ಟೀಚರು. "ಕಡಾ ಅಂದ್ರ ಕಡಿದಾದ ಬಂಡಿರೀ, ಕೆಳಗ ಬರೇ ಪ್ರಪಾತ. ನೀವು ಕಾಡ ಅಂದ್ರಿ!"

ಮಕ್ಕಳಿಗೆ ಹ್ರಸ್ವ ದೀರ್ಘ ತಿದ್ದುವುದೇ ಕೆಲಸವಾಗಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅದು ಆಗಲೇ ಬಿಟ್ಟಿತ್ತು, ಎರಡು ಹೆಜ್ಜೆ ಆಚೆಗೆ. ತಪ್ಪು ಯಾರದೆಂದು ಬಾಯಿಗೆ ತಿಳಿಯಿತು. ನನ್ನ ಮುಖ ನೋಡಿ, ಮಂಜಿನಲ್ಲಿ ಮಾತು ನೆಟ್ಟಗೆ ಕೇಳಿಸುವುದಿಲ್ಲ ಎಂದಳು. ಅಷ್ಟೇ. ನನ್ನ ಮಾನ ಕಾಯಲು ಮಂಜಿನ ಮೇಲೆ ತಪ್ಪು ಹೊರಿಸಿದಳು. ಆಮೇಲೆ ನೆಗ್ಗಿದ ಕೊಡವನ್ನು ಎತ್ತಿ, ನೆಗ್ಗಿದ ಭಾಗ ನನಗೆ ಕಾಣದಂತೆ ಸೊಂಟದ ಕಡೆಗೆ ತಿರುಗಿಸಿ ಇಟ್ಟುಕೊಂಡಳು. ಅಷ್ಟು ದೊಡ್ಡ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿಂದ ಮುಂದೆ ಅಪಾಯವಿದ್ದಲ್ಲೆಲ್ಲ ಅವಳು ಮಾತೇ ಆಡಲಿಲ್ಲ. ಕುಡುಗೋಲನ್ನು ಅಡ್ಡ ಹಿಡಿದು ನಿಂತುಬಿಡುತ್ತಿದ್ದಳು.

ಮನೆಗೆ ಬಂದಾಗ ಅತ್ತೆಯ ಕಣ್ಣು ಮೊದಲು ಹರಿದ ಸೆರಗಿನ ಮೇಲೆ ಬಿತ್ತು, ಆಮೇಲೆ ಗೀರು ಬಿದ್ದ ಕೈಗಳ ಮೇಲೆ. ಲೋಕಲ್‌ನಲ್ಲಿ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದೆ, ನಾಲಿಗೆಗೆ ಬರಲಿಲ್ಲ. ಇನ್ನು ಗುಡ್ಡ ಮುಗಿಯಿತು ಎಂದುಕೊಂಡೇ ಎಲ್ಲವನ್ನೂ ಹೇಳಿದೆ. ಅತ್ತೆ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಟ್ಟೆ ಹರಿದ ಜಾಗವನ್ನು ಬೆರಳಿನಿಂದ ಸವರಿದರು.

"ಅವಳ ಕೊಡ ಹಾಳಾಯ್ತಾ?" ಎಂದು ಕೇಳಿದರು.

"ನೆಗ್ಗಿತು ಅತ್ತೆ."

"ಬರುವ ವರ್ಷ ನಮ್ಮ ಕೊಡ ಕೊಂಡೋಗಿ ಕೊಡು. ಅವಳು ಕರ್ಕೊಂಡು ಹೋಗುದಾದ್ರೆ ಮಾತ್ರ ಹೋಗು." ಒಳಗೆ ಹೋಗುತ್ತಿದ್ದವರು ತಿರುಗಿ ನಿಂತರು. "ಮತ್ತೆ, ನಡುವೆ ನೀನು ಅರ್ಥ ಹೇಳ್ಲಿಕ್ಕೆ ಹೋಗ್ಬೇಡ."