ಹೊಗೆಗೂಡಿಲ್ಲದ ಅರಮನೆ

೧೯೪೮ರ ಫೆಬ್ರವರಿ ಒಂಬತ್ತು, ಬೆಳಿಗ್ಗೆ ಏಳೂಕಾಲು. ಒಟ್ಟೀಲಿಯಾ ಕ್ರಾಮರ್ ಅರಮನೆಯ ನೃತ್ಯಶಾಲೆಯಲ್ಲಿ ಏಣಿ ಹತ್ತಿ, ಒಲೆಯ ತಗಡಿನ ಕೊಳವೆಯಿಂದ ಮಸಿ ಉದುರಿಸುತ್ತಿದ್ದಳು.

ಹಾಸೆಲ್‌ವಿಂಕೆಲ್ ಎಂಬ ಊರು ಹುಟ್ಟಿದ್ದೇ ಈ ಅರಮನೆಯಿಂದ. ದೊರೆಯೊಬ್ಬ ಬೇಸಿಗೆಯ ಆರು ವಾರ ತಂಗಲೆಂದು ಇದನ್ನು ಕಟ್ಟಿಸಿದ; ಅವನ ಮಾಲಿಗಳಿಗೂ ಕುದುರೆಯಾಳುಗಳಿಗೂ ಎದ್ದ ಹತ್ತಾರು ಮನೆಗಳೇ ಊರಾದವು. ಬೇಸಿಗೆ ಮನೆಗೆ ಹೊಗೆಗೂಡೇಕೆಂದು ಒಂದನ್ನೂ ಇಡಲಿಲ್ಲ. ದೊರೆಗಳ ಕಾಲ ಮುಗಿಯಿತು, ಯುದ್ಧವೂ ಮುಗಿಯಿತು. ಪೂರ್ವದಿಂದ ಮನೆಮಠ ಕಳೆದುಕೊಂಡು ಬಂದವರು ಕೋಣೆಗಳನ್ನೆಲ್ಲ ತುಂಬಿದರು. ಅರಮನೆಯ ಕಾವಲು ಕೆಲಸದ ಒಟ್ಟೀಲಿಯಾ ಒಲೆ ಕೂಡಿಸುವವನ ಮಗಳು. ಕಿಟಕಿಯ ಒಂದು ಗಾಜು ತೆಗೆದು, ತಗಡು ಹೊಡೆದು, ಅದರೊಳಗಿಂದ ಕೊಳವೆ ಹಾಯಿಸಿ ಎಲ್ಲರಿಗೂ ಒಲೆ ಕೂಡಿಸಿಕೊಟ್ಟಳು. ಕಾನೂನಿಗೆ ಇದು ವಿರುದ್ಧ. ಬೆಂಕಿ ತಪಾಸಣೆಯವರು ಬಂದಾಗ ಬೆಂಕಿ ಆರಿಸಿ ಕೊಳವೆ ಒಳಗೆಳೆದುಕೊಳ್ಳುವುದು ರೂಢಿಯಾಯಿತು. "ಒಲೆ ಒಂದೂ ಇಲ್ಲ" ಎಂದು ಅವಳೇ ಎರಡು ಸಲ ಬರೆದುಕೊಟ್ಟಿದ್ದಳು.

ಆ ಬೆಳಿಗ್ಗೆಯೂ ಕಾರಿನ ಸದ್ದಿಗೆ ಎಲ್ಲರೂ ಅದನ್ನೇ ಮಾಡಿದರು. ಆದರೆ ಬಂದವನು ಬೇರೆ ಇಲಾಖೆಯ ಅಧಿಕಾರಿ. ಅಂಗಳದಲ್ಲಿ ನಿಂತು ಹೊಗೆಯಿಲ್ಲದ ಕಿಟಕಿಗಳನ್ನು ನೋಡಿ, ಏಣಿ ಇಳಿದು ಬಂದ ಒಟ್ಟೀಲಿಯಾಳಿಗೆ ಹೇಳಿದ:

"ಕಾಗದದಲ್ಲಿ ಜನ ಇದಾರೆ, ಒಲೆ ಇಲ್ಲ. ಈ ಚಳೀಲಿ ಒಲೆ ಇಲ್ದೆ ಯಾರು ಬದುಕ್ತಾರಮ್ಮ? ರೇಷನ್ನಿಗೆ ಬರೆಸಿದ ಸುಳ್ಳು ಹೆಸರುಗಳು. ಬರೋ ವಾರ ಅರಮನೆ ಕೆಡವಿಸ್ತೀವಿ. ಇಟ್ಟಿಗೆ ರೈತರ ಮನೆಗಳಿಗೆ ಬೇಕು."

ಒಟ್ಟೀಲಿಯಾ ಉತ್ತರ ಕೊಡಹೊರಟಳು. ಮೂಲೆಕೋಣೆಯ ಮುದುಕ ಕುಷೆಲ್ ಪಿಸುಗುಟ್ಟಿದ: "ಸುಮ್ನಿರು ತಾಯಿ. ಒಪ್ಕೊಂಡ್ರೆ ನಿನ್ನ ಕೆಲಸ ಹೋಗತ್ತೆ."

"ಕೆಲಸ ಹೋದ್ರೆ ಮನೇಲಿರ್ತೀನಿ, ಕುಷೆಲಜ್ಜ. ಮನೇನೇ ಹೋದ್ರೆ?"

ಅವಳು ಕಿಟಕಿಗಳತ್ತ ತಿರುಗಿ ಕೂಗಿದಳು: "ಕೊಳವೆ ಹೊರಗ್ಹಾಕ್ರೋ! ಹಚ್ರೋ ಬೆಂಕಿ!"

ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಂದು ಕೊಳವೆ ಹೊರಬಂತು, ಇನ್ನೊಂದು, ಮತ್ತೊಂದು. ಹಸಿಸೌದೆಯ ಹೊಗೆ ಅಂಗಳಕ್ಕಿಳಿದು ಅಧಿಕಾರಿ ಕೆಮ್ಮತೊಡಗಿದ.

"ದೊರೆಗೆ ಚಳಿಯಾದ್ರೆ ಪಟ್ಟಣಕ್ಕೆ ಹೋಗ್ತಿದ್ದ ಸಾಹೇಬ್ರೆ. ಇವ್ರೆಲ್ಲಿಗೆ ಹೋಗ್ಬೇಕು?"

ಮಾರ್ಚಿನಲ್ಲಿ ಅವಳ ಕೆಲಸ ಹೋಯಿತು. ಅರಮನೆ ಉಳಿಯಿತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸಾಯುವವರೆಗೂ ಅವಳಿದ್ದಳು. ಬೇರೆಯವರ ಒಲೆ ಕೆಟ್ಟರೆ ಕರೆಯದೆಯೇ ಹೋಗುತ್ತಿದ್ದಳು. ಕಿಟಕಿಗಳಲ್ಲಿ ಒಂದೆರಡು ತಗಡು ಇನ್ನೂ ಇವೆ. ಯಾರಾದರೂ ಅದೇನೆಂದು ಕೇಳಿದರೆ ಊರಿನವರು ದೊರೆಯ ಸುದ್ದಿ ಎತ್ತುವುದಿಲ್ಲ. ಕಣ್ಣೊರೆಸಿಕೊಳ್ಳುತ್ತ ಆ ಅಧಿಕಾರಿ "ಒಟ್ಟು ಎಷ್ಟು ಒಲೆ ಇವೆ?" ಎಂದು ಕೇಳಿದಾಗ ಅವಳು ಕೊಟ್ಟ ಉತ್ತರವನ್ನೇ ಹೇಳುತ್ತಾರೆ:

"ಎಲ್ಲಾ ನಾನೇ ಕೂಡ್ಸಿದ್ದು. ಮೂವತ್ತೊಂದು."